ಮಲೆನಾಡಿನ ರೋಗಗಳೂ ಬಡತನದ ಚರಿತ್ರೆಯೂ

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸನೀಯವೆಂಬ ಅಧ್ಯಾಯವೊಂದುಂಟು. ಪಾಂಚಾಲದೇಶದ ಕಾಂಪಿಲ್ಯನಗರದ ಬಳಿ, ಬೇಸಗೆಯ ಕಡೆಯ ತಿಂಗಳಿನಲ್ಲಿ, ಗಂಗಾತೀರದ ವನದಲ್ಲಿ ಶಿಷ್ಯಸಮೇತನಾಗಿ ಸಂಚರಿಸುತ್ತಿದ್ದ ಪುನರ್ವಸು ಆತ್ರೇಯನಿಗೂ ಅಗ್ನಿವೇಶನಿಗೂ ನಡೆದ ಸಂವಾದವು ಅದರ ವಸ್ತು. ಪ್ರಕೃತಿ, ಆಹಾರ, ದೇಹ, ಬಲ, ಸಾತ್ಮ್ಯ, ವಯಸ್ಸು ಇವುಗಳಲ್ಲಿ ಒಬ್ಬರಂತೆ ಮತ್ತೊಬ್ಬರಿಲ್ಲದ ಮನುಷ್ಯರು ಒಂದೇ ವ್ಯಾಧಿಗೆ ಸಿಕ್ಕಿ ಏಕಕಾಲದಲ್ಲಿ ನಾಶವಾಗುವುದು ಹೇಗೆ ಎಂದು ಶಿಷ್ಯನು ಕೇಳುವನು. ಮನುಷ್ಯರು ಭಿನ್ನರಾಗಿದ್ದರೂ ವಾಯು, ಉದಕ, ದೇಶ, ಕಾಲ ಎಂಬ ನಾಲ್ಕು ಎಲ್ಲರಿಗೂ ಸಮಾನವಾದುವು. ಅವು ಕೆಟ್ಟಾಗ ಜನಪದವೇ ಕೆಡುವುದು ಎಂದು ಗುರುವು ಉತ್ತರ ಕೊಡುವನು.

ಈ ಪ್ರಶ್ನೋತ್ತರವನ್ನು ಪಾಠಶಾಲೆಯಲ್ಲಿ ಓದಿದ ಮೇಲೆ ಬಹುಕಾಲ ನನ್ನ ಮನಸ್ಸಿನಲ್ಲಿ ಇದಕ್ಕೆ ವಿಲೋಮವಾದ ಇನ್ನೊಂದು ಪ್ರಶ್ನೆಯು ಉಳಿದುಕೊಂಡಿತು. ವಾಯುವು ಒಂದೇ, ನೀರು ಒಂದೇ, ದೇಶಕಾಲಗಳೂ ಒಂದೇ ಆಗಿರುವ ಊರಿನಲ್ಲಿ ಜನರು ಸಮಾನವಾಗಿ ಏಕೆ ಬಾಳುವುದಿಲ್ಲ, ಸಮಾನವಾಗಿ ಏಕೆ ಸಾಯುವುದಿಲ್ಲ? ಒಂದು ಕೇರಿಯಲ್ಲಿ ಎಂಬತ್ತರ ಮುದುಕನು ಜಗಲಿಯ ಮೇಲೆ ಕುಳಿತು ಮೊಮ್ಮಕ್ಕಳಿಗೆ ಕಥೆ ಹೇಳುತ್ತಿರುವಾಗ, ಕೂಗಿದರೆ ಕೇಳುವಷ್ಟು ದೂರದ ಮತ್ತೊಂದು ಕೇರಿಯಲ್ಲಿ ಐವತ್ತು ತುಂಬುವುದರೊಳಗೆ ಬೆನ್ನು ಬಾಗಿ ಉಸಿರು ಕಟ್ಟುವುದೇಕೆ? ಈ ಪ್ರಶ್ನೆಗೆ ನಮ್ಮ ಜಿಲ್ಲೆಯ ಚರಿತ್ರೆಯಲ್ಲಿಯೇ ಉತ್ತರವಿದೆಯೆಂದು ತೋರಿಸುವುದು ಈ ಲೇಖನದ ಉದ್ದೇಶ.

ನಾನು ವಾಸಿಸುವ ಮಲವಗೊಪ್ಪವು ಇಂತಹ ವಿಚಾರಕ್ಕೆ ತಕ್ಕ ಸ್ಥಳವೆಂದೇ ಹೇಳಬೇಕು. ತುಂಗೆಯ ದಡದ ಶಿವಮೊಗ್ಗೆಗೂ ಭದ್ರೆಯ ದಡದ ಭದ್ರಾವತಿಗೂ ನಡುವಣ ಹೆದ್ದಾರಿಯಲ್ಲಿ ಈ ಊರಿದೆ. ಪಶ್ಚಿಮಕ್ಕೆ ನಡೆದರೆ ತೀರ್ಥಹಳ್ಳಿ, ಹೊಸನಗರ, ಸಾಗರಗಳ ಮಲೆ. ಪೂರ್ವಕ್ಕೆ ನಡೆದರೆ ಚನ್ನಗಿರಿಯ ಕಡೆಯ ಬಯಲು. ಒಂದು ಕಡೆ ಕಬ್ಬಿಣದ ಕಾರ್ಖಾನೆಯ ಪಟ್ಟಣ, ಇನ್ನೊಂದು ಕಡೆ ಜಿಲ್ಲೆಯ ಕಚೇರಿಗಳ ಪಟ್ಟಣ, ನಡುವೆ ಕಬ್ಬಿನ ಗದ್ದೆಗಳು. ಮಳೆಯೂ ಗಾಳಿಯೂ ಇವೆಲ್ಲಕ್ಕೂ ಹೆಚ್ಚುಕಡಿಮೆ ಒಂದೇ. ಆದರೆ ಆಯುಸ್ಸು ಒಂದೇ ಅಲ್ಲ.

ಮೊದಲು ಹಳೆಯ ಕಾಲವನ್ನು ನೋಡೋಣ. ಮಲೆನಾಡಿನ ಹೆಸರೆತ್ತಿದರೆ ಬಯಲುಸೀಮೆಯವರು ಒಂದಾನೊಂದು ಕಾಲದಲ್ಲಿ ಬೆಚ್ಚಿಬೀಳುತ್ತಿದ್ದರು. ಹೆಣ್ಣು ಕೊಡಲು ಅಂಜುತ್ತಿದ್ದರು. ವರ್ಗವಾಗಿ ಬಂದ ಅಧಿಕಾರಿಗಳು ರಜೆ ಬರೆದು ಹಿಂದಿರುಗಲು ಹವಣಿಸುತ್ತಿದ್ದರು. ಕಾರಣವು ಚಳಿಜ್ವರ. ಹೊಟ್ಟೆಯ ಎಡಭಾಗದಲ್ಲಿ ಜ್ವರಗಡ್ಡೆ ಬೆಳೆದು, ಮುಖ ಬಿಳಿಚಿಕೊಂಡು, ಕೈಕಾಲು ಕಡ್ಡಿಯಾದ ಮಕ್ಕಳು ಮಲೆಯ ಹಳ್ಳಿಹಳ್ಳಿಯಲ್ಲಿಯೂ ಇದ್ದರು. ಜನಸಂಖ್ಯೆಯು ಕುಗ್ಗುತ್ತ ಹೋಗುವುದನ್ನು ಕಂಡು ಮೈಸೂರು ಸರ್ಕಾರವು ೧೯೧೪ರ ಸುಮಾರಿನಲ್ಲಿ, ಶ್ರೀ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮಲೆನಾಡಿನ ಅಭಿವೃದ್ಧಿಗಾಗಿ ಪ್ರತ್ಯೇಕ ಯೋಜನೆಯೊಂದನ್ನೇ ಕೈಗೊಳ್ಳಬೇಕಾಯಿತು. ಆಯುರ್ವೇದದಲ್ಲಿ ನೀರೂ ಮರಗಳೂ ದಟ್ಟವಾಗಿರುವ ಇಂತಹ ಸೀಮೆಗೆ ಆನೂಪದೇಶವೆಂದು ಹೆಸರು. ಆದುದರಿಂದ ಜನರು ‘ನೀರು ಕೆಟ್ಟದ್ದು, ಗಾಳಿ ಕೆಟ್ಟದ್ದು’ ಎಂದು ದೇಶದ ಮೇಲೆಯೇ ದೋಷವನ್ನು ಹೊರಿಸಿದರು.

೧೮೯೭ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸರು ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಅಣುಜೀವಿಯನ್ನು ಕಂಡ ಮೇಲೆ ದೋಷವು ಗಾಳಿಯದಲ್ಲವೆಂದು ಗೊತ್ತಾಯಿತು. ಬೆಟ್ಟದ ತಪ್ಪಲಿನ ಝರಿಗಳಲ್ಲಿಯೂ ತೋಟದ ಕಾಲುವೆಗಳಲ್ಲಿಯೂ ಮೊಟ್ಟೆಯಿಡುವ ಅನಾಫೆಲಿಸ್ ಫ್ಲುವಿಯಾಟಿಲಿಸ್ ಎಂಬ ಸೊಳ್ಳೆಯೇ ಮಲೆನಾಡಿನ ಜ್ವರವಾಹಕವೆಂದು ಮುಂದೆ ನಿಶ್ಚಯವಾಯಿತು. ಸೊಳ್ಳೆಗೆ ಜಾತಿಯಿಲ್ಲ, ಅಂತಸ್ತಿಲ್ಲ. ಒಡೆಯನನ್ನೂ ಕಚ್ಚುವುದು, ಆಳನ್ನೂ ಕಚ್ಚುವುದು. ಹೀಗಿದ್ದರೂ ಫಲವು ಇಬ್ಬರಿಗೂ ಸಮವಾಗಿರಲಿಲ್ಲ. ಮಾಳಿಗೆಯ ಮನೆ, ಸೊಳ್ಳೆಪರದೆ, ಕಂಬಳಿ, ಹಾಲು ತುಪ್ಪ, ಪೇಟೆಯಿಂದ ತರಿಸಿದ ಕ್ವಿನೈನು, ಜ್ವರ ಬಿಟ್ಟ ಮೇಲೆ ತಿಂಗಳೊಪ್ಪತ್ತಿನ ವಿಶ್ರಾಂತಿ, ಇವು ಒಡೆಯನಿಗಿದ್ದುವು. ಆಳಿಗಾದರೋ ಸೋಗೆಯ ಬಿಡಾರ, ಗಂಜಿ, ಮತ್ತು ಮೈ ಬೆಚ್ಚಗಿದ್ದರೂ ಗದ್ದೆಗಿಳಿಯಬೇಕಾದ ನಿರ್ಬಂಧ.

ಈ ಆಳೆಂಬವನು ಯಾರು? ಮಲೆನಾಡಿನಲ್ಲಿ ಹುಟ್ಟಾಳು, ಮಣ್ಣಾಳು ಎಂಬ ಎರಡು ಶಬ್ದಗಳು ಬಳಕೆಯಲ್ಲಿದ್ದುವು. ಒಡೆಯನ ಮನೆಯ ಆಳಿಗೆ ಹುಟ್ಟಿ ಆಳಾಗಿಯೇ ಬೆಳೆದವನು ಹುಟ್ಟಾಳು. ನೆಲಕ್ಕೆ ಅಂಟಿಕೊಂಡು, ನೆಲವು ಯಾರದಾದರೆ ಅವರ ಸೊತ್ತಾಗಿ ನಡೆಯುತ್ತಿದ್ದವನು ಮಣ್ಣಾಳು. ಮುಂದೆ ಕಾನೂನು ಇವನ್ನು ಒಪ್ಪದಿದ್ದಾಗ ಸಾಲವು ಅದೇ ಕೆಲಸವನ್ನು ಮಾಡಿತು. ಮದುವೆಗೆಂದು ತಂದೆಯು ಪಡೆದ ಅಲ್ಪಸ್ವಲ್ಪ ಹಣಕ್ಕಾಗಿ ಮಗನು ಜೀತ ನಿಂತನು. ಆ ಮಗನ ಮದುವೆಯ ಸಾಲಕ್ಕೆ ಮೊಮ್ಮಗನು ನಿಂತನು. ವಾಚಕರು ಈ ಎರಡು ಶಬ್ದಗಳನ್ನು ಸ್ವಲ್ಪ ಮನನ ಮಾಡಬೇಕು. ಮನುಷ್ಯನು ಇನ್ನೂ ಕಣ್ತೆರೆಯುವ ಮುನ್ನವೇ ಅವನ ಅನ್ನ, ಅವನ ನಿದ್ರೆ, ಅವನ ದುಡಿಮೆಯ ಹೊತ್ತು, ಅವನ ರೋಗ, ಅವನ ಆಯುಸ್ಸು ಇವೆಲ್ಲವೂ ಗೊತ್ತಾಗಿ ಹೋಗುತ್ತಿದ್ದುವೆಂಬುದಕ್ಕೆ ‘ಹುಟ್ಟಾಳು’ ಎಂಬ ಮೂರಕ್ಷರಗಳಿಗಿಂತ ಬೇರೆ ಸಾಕ್ಷ್ಯವು ಬೇಕೆ? ಘಟ್ಟದ ಕೆಳಗಿನಿಂದ ತೋಟದ ಕೆಲಸಕ್ಕೆ ಬರುತ್ತಿದ್ದ ಕೂಲಿಗಳ ಪಾಡೂ ಬೇರೆಯಾಗಿರಲಿಲ್ಲ. ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ ಸಾಲ ತೀರಿಸಲೆಂದು ಘಟ್ಟದ ಕಾಫಿತೋಟಕ್ಕೆ ಹೋದ ಮಗನೊಬ್ಬನು ಜ್ವರವನ್ನೇ ಸಂಪಾದಿಸಿಕೊಂಡು ಬಂದು ಸಾಯುವನು.

ಬಯಲುಸೀಮೆಯ ಚರಿತ್ರೆಯೂ ಇದನ್ನೇ ಬೇರೆ ಬಗೆಯಲ್ಲಿ ಹೇಳುವುದು. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸೀಮೆಯ ಜನಸಂಖ್ಯೆಯು ಕುಸಿಯಿತು. ೧೮೭೧ರ ಖಾನೇಸುಮಾರಿಯಲ್ಲಿ ಸುಮಾರು ಐವತ್ತೂವರೆ ಲಕ್ಷವಿದ್ದುದು ೧೮೮೧ರಲ್ಲಿ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಮಳೆ ತಪ್ಪಿದ್ದು ಎಲ್ಲರ ಹೊಲಕ್ಕೂ ಹೌದು. ಆದರೆ ಹಗೇವಿನಲ್ಲಿ ಧಾನ್ಯವಿದ್ದವನು ಬದುಕಿದನು, ದಿನದ ಕೂಲಿಯನ್ನೇ ನಂಬಿದವನು ದಾರಿಯಲ್ಲಿ ಬಿದ್ದನು. ಮಲೆನಾಡಿನ ಅತಿವೃಷ್ಟಿಯಾಗಲಿ ಬಯಲಿನ ಅನಾವೃಷ್ಟಿಯಾಗಲಿ, ಯಮನಿಗೆ ಬಾಗಿಲು ತೆರೆದುಕೊಟ್ಟದ್ದು ದಾರಿದ್ರ್ಯವೇ.

ಡಿ.ಡಿ.ಟಿ. ಎಂಬ ಔಷಧವು ಬಂದ ಮೇಲೆ ಮಲೇರಿಯಾವು ಹಿಮ್ಮೆಟ್ಟಿತು. ೧೯೪೬ರಲ್ಲಿ ಡಾಕ್ಟರ್ ವಿಶ್ವನಾಥನ್ ಅವರು ಕನ್ನಡ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಅದನ್ನು ಮನೆಮನೆಗೂ ಸಿಂಪಡಿಸಿ ಫಲವನ್ನು ತೋರಿಸಿದರು. ೧೯೫೩ರಲ್ಲಿ ರಾಷ್ಟ್ರಮಟ್ಟದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವು ಆರಂಭವಾಯಿತು. ಇದು ಮಹೋಪಕಾರವೆಂಬುದರಲ್ಲಿ ಸಂದೇಹವಿಲ್ಲ. ಅದೇ ಕಾಲದಲ್ಲಿ ಇನ್ನೊಂದು ಬಗೆಯ ಚಿಕಿತ್ಸೆಯೂ ನಡೆಯಿತೆಂಬುದನ್ನು ಮರೆಯಬಾರದು. ೧೯೫೧ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ೧೯೭೪ರ ಭೂಸುಧಾರಣಾ ತಿದ್ದುಪಡಿಯು ಉಳುವವನಿಗೆ ನೆಲವನ್ನು ಕೊಟ್ಟಿತು. ೧೯೭೬ರ ಕಾನೂನು ಜೀತವನ್ನು ನಿಷೇಧಿಸಿತು. ವೈದ್ಯಗ್ರಂಥಗಳು ಇವನ್ನು ಔಷಧಗಳ ಪಟ್ಟಿಯಲ್ಲಿ ಸೇರಿಸಲಾರವು. ಆದರೆ ಸ್ವಂತ ಗದ್ದೆಯ ಅಕ್ಕಿಯನ್ನು ಮನೆಗೆ ತಂದ ತಾಯಿಯ ಹಾಲಿಗೂ, ಅಳೆದು ಕೊಟ್ಟ ಭತ್ತವನ್ನು ಕುಟ್ಟಿ ಉಂಡ ತಾಯಿಯ ಹಾಲಿಗೂ ಅಂತರವಿಲ್ಲವೆಂದು ಯಾವ ವೈದ್ಯನು ಹೇಳಿಯಾನು?

ತಾಯಿಯ ಮಾತು ಬಂದುದರಿಂದ ಮೈಸೂರು ನಗರದಲ್ಲಿ ನಡೆದ ಒಂದು ಸಂಶೋಧನೆಯನ್ನು ಇಲ್ಲಿ ವಿಸ್ತಾರವಾಗಿ ಹೇಳಬೇಕು. ೧೯೦೬ರಲ್ಲಿ ಸ್ಥಾಪಿತವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೩೪ರಿಂದ ಹೆರಿಗೆಯಾದ ಪ್ರತಿಯೊಂದು ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆ ಇವನ್ನು ದಫ್ತರದಲ್ಲಿ ಬರೆದಿಡುತ್ತಿದ್ದರು. ಬರೆದವರು ಸಾಮಾನ್ಯ ದಾದಿಯರು. ತಮ್ಮ ಬರಹವನ್ನು ಅರುವತ್ತು ವರ್ಷಗಳ ಮೇಲೆ ಜಗತ್ತಿನ ವಿದ್ವಾಂಸರು ಓದುವರೆಂದು ಅವರು ಎಣಿಸಿರಲಾರರು. ಆದರೆ ಹಾಗೆಯೇ ಆಯಿತು. ಇಂಗ್ಲೆಂಡಿನ ಸೌತಾಂಪ್ಟನ್ ನಗರದ ಡೇವಿಡ್ ಬಾರ್ಕರ್, ಕೆರೊಲಿನ್ ಫಾಲ್ ಮೊದಲಾದವರೂ ಮೈಸೂರಿನ ವೈದ್ಯರೂ ಸೇರಿ, ೧೯೩೪ರಿಂದ ೧೯೫೪ರವರೆಗೆ ಅಲ್ಲಿ ಹುಟ್ಟಿ ಆಸ್ಪತ್ರೆಯ ಸುತ್ತಮುತ್ತಲೇ ವಾಸವಾಗಿದ್ದ ೫೧೭ ಮಂದಿ ಸ್ತ್ರೀಪುರುಷರನ್ನು ಹುಡುಕಿ ಪರೀಕ್ಷಿಸಿದರು. ೧೯೯೬ರಲ್ಲಿ ಪ್ರಕಟವಾದ ಫಲವಿದು: ಹುಟ್ಟುವಾಗ ಐದೂವರೆ ಪೌಂಡು ಅಥವಾ ಅದಕ್ಕಿಂತ ಕಡಮೆ ತೂಗಿದವರಲ್ಲಿ ನೂರಕ್ಕೆ ಹನ್ನೊಂದು ಮಂದಿಗೆ ಹೃದ್ರೋಗವಿತ್ತು, ಏಳು ಪೌಂಡು ಅಥವಾ ಅದಕ್ಕಿಂತ ಹೆಚ್ಚು ತೂಗಿದವರಲ್ಲಿ ನೂರಕ್ಕೆ ಮೂರು ಮಂದಿಗೆ ಮಾತ್ರ. ಶಿಶುವಿನೊಡನೆ ತಾಯಿಯೂ ಕೃಶಳಾಗಿದ್ದ ಪಕ್ಷದಲ್ಲಿ ರೋಗವು ಎಲ್ಲಕ್ಕಿಂತ ಅಧಿಕವಾಗಿತ್ತು.

ಇದರ ಅರ್ಥವೇನು? ಗರ್ಭದಲ್ಲಿ ಅನ್ನಕ್ಕೆ ಕೊರತೆಯಾದ ಶಿಶುವು ಇದ್ದುದರಲ್ಲಿಯೇ ಬದುಕಲು ತನ್ನ ಅಂಗಾಂಗಗಳನ್ನು ಮಿತವ್ಯಯಕ್ಕೆ ಹೊಂದಿಸಿಕೊಳ್ಳುವುದು. ಆ ಮಿತವ್ಯಯದ ಬೆಲೆಯನ್ನು ಐವತ್ತನೆಯ ವಯಸ್ಸಿನಲ್ಲಿ ಹೃದಯವು ತೆರಬೇಕಾಗುವುದು ಎಂದು ಬಾರ್ಕರರ ಅಭಿಪ್ರಾಯ. ಸಣ್ಣ ಶಿಶುಗಳೆಲ್ಲರೂ ರೋಗಿಗಳಾಗುವರೆಂದಾಗಲಿ, ತೂಕವುಳ್ಳವರೆಲ್ಲರೂ ಪಾರಾಗುವರೆಂದಾಗಲಿ ತಿಳಿಯಬಾರದು. ಮುಂದಣ ಜೀವನದ ಆಹಾರವಿಹಾರಗಳೂ ಚಿಂತೆಯೂ ಹೊಗೆಸೊಪ್ಪೂ ತಮ್ಮ ಪಾಲನ್ನು ಸೇರಿಸುವುವು. ಆದರೆ ರೋಗದ ಬೀಜವು ಎಷ್ಟು ಹಿಂದೆ ಬಿತ್ತಲ್ಪಡಬಹುದೆಂಬುದು ಇದರಿಂದ ವಿದಿತವಾಗುವುದು. ಸುಶ್ರುತನು ಗರ್ಭಿಣಿಯನ್ನು ಎರಡು ಹೃದಯಗಳುಳ್ಳವಳೆಂದು ಕರೆದು, ಅವಳ ಬಯಕೆಯನ್ನು ತಿರಸ್ಕರಿಸಿದರೆ ಶಿಶುವು ವಿಕಲಾಂಗವಾಗುವುದೆಂದು ಎಚ್ಚರಿಸಿರುವನು. ಆಧುನಿಕರು ತೂಕದ ತಕ್ಕಡಿಯಿಂದ ಹೇಳುವುದನ್ನು ಪ್ರಾಚೀನರು ಬೇರೆ ಪರಿಭಾಷೆಯಲ್ಲಿ ಗುರುತಿಸಿದ್ದರು. ಚಳಿಜ್ವರವುಳ್ಳ ಬಸುರಿಯ ಶಿಶುವು ಸಣ್ಣದಾಗಿ ಹುಟ್ಟುವುದೆಂಬುದನ್ನೂ ಇದಕ್ಕೆ ಸೇರಿಸಿಕೊಂಡರೆ, ನಮ್ಮ ಮಲೆನಾಡಿನ ಆಳಿನ ಮಗನು ಎಷ್ಟು ಸಾಲಗಳನ್ನು ಹೊತ್ತು ಹುಟ್ಟುತ್ತಿದ್ದನೆಂಬುದು ಊಹೆಗೆ ಬರುವುದು. ಒಡೆಯನ ಸಾಲವು ಒಂದು. ದೇಹದ ಸಾಲವು ಮತ್ತೊಂದು. ಮೊದಲನೆಯದನ್ನು ೧೯೭೬ರ ಕಾನೂನು ಹರಿದುಹಾಕಿತು. ಎರಡನೆಯದನ್ನು ಹರಿಯುವ ಕಾನೂನಿಲ್ಲ.

ಇನ್ನು ನಮ್ಮ ಜಿಲ್ಲೆಯ ಹೆಸರನ್ನು ವೈದ್ಯಗ್ರಂಥಗಳಲ್ಲಿ ಸೇರಿಸಿದ ಎರಡು ವ್ಯಾಧಿಗಳನ್ನು ನೋಡೋಣ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದುವು; ಹಿಂದೆಯೇ ಮನುಷ್ಯರಿಗೂ ಘೋರಜ್ವರ ಬಂದಿತು. ಪುಣೆಯ ವಿಷಾಣು ಸಂಶೋಧನ ಕೇಂದ್ರದವರು ಬಂದು, ಪೀತಜ್ವರವಿರಬಹುದೆಂಬ ಮೊದಲ ಭಯವನ್ನು ನಿವಾರಿಸಿ, ಉಣುಗುಗಳ ಕಚ್ಚುವಿಕೆಯಿಂದ ಹರಡುವ ಹೊಸ ವಿಷಾಣುವನ್ನು ಕಂಡುಹಿಡಿದರು. ಜನರು ಇದನ್ನು ಮಂಗನ ಕಾಯಿಲೆ ಎನ್ನುವರು. ಇದು ಹೆಚ್ಚಾಗಿ ಬರುವುದು ಪುಷ್ಯದಿಂದ ವೈಶಾಖದವರೆಗೆ, ಕಾಡು ಒಣಗಿರುವ ಕಾಲದಲ್ಲಿ. ಆ ಕಾಲದಲ್ಲಿ ಕಾಡಿಗೆ ಹೋಗುವವರು ಯಾರು? ಅಡಕೆತೋಟಕ್ಕೆ ಸೊಪ್ಪು ತರಗು ತರುವ ಕೂಲಿಯವರು, ಸೌದೆ ಆರಿಸುವ ಹೆಂಗಸರು, ದನ ಕಾಯುವ ಹುಡುಗರು. ೧೯೮೨-೮೩ರಲ್ಲಿ ಬೆಳ್ತಂಗಡಿಯ ಕಡೆ ಗೇರುತೋಟಕ್ಕಾಗಿ ಕಾಡು ಕಡಿದಾಗ ಸಾವಿರಕ್ಕೂ ಮೀರಿದ ಜನರಿಗೆ ಈ ರೋಗವು ತಗುಲಿತು. ೨೦೧೮-೧೯ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಹಲವರು ಮೃತರಾದರು. ಶರಾವತಿಯ ಆ ಕಣಿವೆಯು ಸಾಮಾನ್ಯ ಸ್ಥಳವಲ್ಲ. ೧೯೬೪ರಲ್ಲಿ ಲಿಂಗನಮಕ್ಕಿ ಜಲಾಶಯವು ಪೂರ್ಣವಾದಾಗ ಅಲ್ಲಿಯ ಊರುಗಳು ಮುಳುಗಿದುವು. ನೆಲ ಕಳೆದುಕೊಂಡವರು ಕಾಡಿನ ಸೆರಗುಗಳಲ್ಲಿ ನೆಲಸಿದರು. ನಾಡಿಗೆ ದೀಪವನ್ನು ಕೊಟ್ಟವರು ರಸ್ತೆಯೂ ಆಸ್ಪತ್ರೆಯೂ ದೂರವಾದ ಹಾಡಿಗಳಲ್ಲಿ ಉಳಿದರು; ಜ್ವರ ಉಲ್ಬಣಿಸಿದಾಗ ಘಟ್ಟವಿಳಿದು ಮಣಿಪಾಲದವರೆಗೆ ರೋಗಿಯನ್ನು ಹೊತ್ತೊಯ್ಯಬೇಕಾಯಿತು. ಬಹುವರ್ಷ ಬಳಕೆಯಲ್ಲಿದ್ದ ಲಸಿಕೆಯನ್ನು ಸತ್ತ್ವ ಸಾಲದೆಂದು ೨೦೨೨ರಲ್ಲಿ ನಿಲ್ಲಿಸಲಾಯಿತು. ಮೈಗೆ ಸವರಿಕೊಳ್ಳುವ ಎಣ್ಣೆಯನ್ನು ಹಂಚುವರು. ಆದರೆ ಕಾಡಿಗೆ ಹೋಗದಿದ್ದರೆ ಒಲೆ ಉರಿಯದೆಂಬವನಿಗೆ ‘ಕಾಡಿಗೆ ಹೋಗಬೇಡ’ ಎಂಬ ಉಪದೇಶವು ಉಪವಾಸದ ಉಪದೇಶವೇ ಸರಿ.

ಎರಡನೆಯದು ಸಾಗರದ ಬಳಿಯ ಹಂದಿಗೋಡಿನ ಹೆಸರನ್ನು ಹೊತ್ತಿರುವ ಕೀಲುರೋಗ. ೧೯೭೪-೭೫ರ ಸುಮಾರಿನಲ್ಲಿ ಬೆಳಕಿಗೆ ಬಂದ ಈ ವ್ಯಾಧಿಯು ಸೊಂಟ, ಮಂಡಿಗಳ ಕೀಲುಗಳನ್ನು ಸವೆಯಿಸಿ ನಡೆಯಲಾಗದಂತೆ ಮಾಡುವುದು, ಕೆಲವರನ್ನು ಕುಳ್ಳರನ್ನಾಗಿಸುವುದು. ಚನ್ನಂಗಿ ಮತ್ತು ಚಲವಾದಿ ಎಂಬ, ನೆಲವಿಲ್ಲದ ಬಡ ಸಮುದಾಯಗಳಲ್ಲಿಯೇ ಇದು ಕಾಣಿಸಿಕೊಂಡಿತು. ಕೀಟನಾಶಕ ಬಿದ್ದ ಗದ್ದೆಯ ಏಡಿಗಳನ್ನು ತಿಂದುದರಿಂದ ಬಂದಿತೆಂದು ಮೊದಲು ಕೆಲವರು ಶಂಕಿಸಿದರು. ಅನಂತರದ ಪರೀಕ್ಷೆಗಳಿಂದ ಇದು ವಂಶದಲ್ಲಿ ಹರಿದುಬರುವ ಅಸ್ಥಿವಿಕಾರವೆಂದು ತೀರ್ಮಾನವಾಯಿತು. ಇಲ್ಲಿ ನಾವು ನ್ಯಾಯವಾಗಿ ಮಾತನಾಡಬೇಕು. ಈ ರೋಗವನ್ನು ಬಡತನವು ಹುಟ್ಟಿಸಲಿಲ್ಲ. ಎಲ್ಲ ವ್ಯಾಧಿಗಳಿಗೂ ದಾರಿದ್ರ್ಯವೇ ಮೂಲವೆಂದು ಸಾಧಿಸುವುದು ನನ್ನ ಪಕ್ಷವೂ ಅಲ್ಲ. ಆದರೆ ಅದೇ ವಿಕಾರವು ಗದ್ದಿಗೆಯ ಮೇಲೆ ಕುಳಿತು ಲೆಕ್ಕ ಬರೆಯುವವನಿಗೆ ಬಂದಿದ್ದರೆ ಅವನು ಕುಂಟುತ್ತ ಆದರೂ ಜೀವನ ಸಾಗಿಸುತ್ತಿದ್ದನು. ಬಗ್ಗಿ ನಾಟಿ ಮಾಡಿಯೇ ಉಣ್ಣಬೇಕಾದವಳಿಗೆ ಸೊಂಟದ ಕೀಲು ಹೋದರೆ ಅನ್ನವೇ ಹೋಯಿತು. ವ್ಯಾಧಿಯ ಬೀಜವು ಎಲ್ಲಿಂದಲಾದರೂ ಬರಲಿ, ಅದರ ಭಾರವನ್ನು ತೂಗುವ ತಕ್ಕಡಿಯು ಸಮಾಜದ ಕೈಯಲ್ಲಿದೆ.

ಕಾಡನ್ನು ಬಿಟ್ಟು ಊರಿಗೆ ಬರೋಣ. ಬೆಂಕಿಪುರವೆಂದು ಹೆಸರಾಗಿದ್ದ ಭದ್ರಾವತಿಯಲ್ಲಿ ೧೯೧೮ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸವು ಮೊದಲಾಗಿ, ೧೯೨೩ರಲ್ಲಿ ಕುಲುಮೆಯು ಹೊತ್ತಿತು. ೧೯೩೬ರಲ್ಲಿ ಕಾಗದದ ಕಾರ್ಖಾನೆಯು ಸ್ಥಾಪಿತವಾಯಿತು. ಕನ್ನಡಿಗರಲ್ಲದೆ ತಮಿಳು, ತೆಲುಗು, ಮಲೆಯಾಳ ನುಡಿಗಳವರೂ ಬಂದು ದುಡಿದರು. ಕಾಯಮ್ಮಾದ ಕೆಲಸಗಾರನಿಗೆ ವಸತಿಗೃಹ, ನಲ್ಲಿಯ ನೀರು, ಕಾರ್ಖಾನೆಯ ಆಸ್ಪತ್ರೆ, ಮಕ್ಕಳಿಗೆ ಶಾಲೆ, ಮುಪ್ಪಿಗೆ ಭವಿಷ್ಯನಿಧಿ ಇವು ದೊರೆತುವು. ಅಂತಹ ಮನೆಗಳಿಂದ ಒಂದು ತಲೆಮಾರಿನೊಳಗೆ ಉಪಾಧ್ಯಾಯರೂ ಇಂಜಿನಿಯರರೂ ವೈದ್ಯರೂ ಹೊರಟುದನ್ನು ನಾವೆಲ್ಲರೂ ಕಂಡಿದ್ದೇವೆ. ಅದೇ ಬೇಲಿಯೊಳಗೆ ಅದೇ ಕುಲುಮೆಯ ಧೂಳನ್ನು ಉಸಿರಾಡಿದ ಗುತ್ತಿಗೆಯ ಕೂಲಿಗೆ ಆ ಭದ್ರತೆಯಿರಲಿಲ್ಲ. ಇಬ್ಬರ ಕೈಯಲ್ಲಿಯೂ ಒಂದೇ ಸಲಿಕೆ. ಒಬ್ಬನ ಹಿಂದೆ ಆಸ್ಪತ್ರೆ, ಇನ್ನೊಬ್ಬನ ಹಿಂದೆ ಬಡ್ಡಿಯ ಸಾಲ. ಕಾಗದದ ಕಾರ್ಖಾನೆಯು ಕಳೆದ ದಶಕದಲ್ಲಿ ನಿಂತುಹೋಯಿತು. ಕಬ್ಬಿಣದ ಕಾರ್ಖಾನೆಯು ಹಿಂದಿನ ವೈಭವದ ನೆರಳಾಗಿದೆ. ನಮ್ಮ ಮಲವಗೊಪ್ಪದ ಸಕ್ಕರೆ ಕಾರ್ಖಾನೆಯೂ ಬಹುಕಾಲದಿಂದ ಮುಚ್ಚಿದೆ. ಕೆಲಸ ಹೋದ ಮನೆಯಲ್ಲಿ ಮೊದಲು ನಿಲ್ಲುವುದು ಹಾಲು; ಆಮೇಲೆ ಮುದುಕಿಯ ರಕ್ತದೊತ್ತಡದ ಮಾತ್ರೆ; ಆಮೇಲೆ ಹುಡುಗಿಯ ಶಾಲೆ.

ಉಪಾಧ್ಯಾಯನಾಗಿ ನಾನು ಕಂಡ ಮಾತೊಂದನ್ನು ಹೇಳುವೆನು. ಕಬ್ಬು ಕಡಿಯುವವರ ಮಕ್ಕಳು ಬಿಡಾರದೊಡನೆ ಊರೂರು ಅಲೆಯುವರು. ಅವರ ಹೆಸರು ಹಾಜರಿ ಪುಸ್ತಕದಲ್ಲಿ ಆಷಾಢದಲ್ಲಿ ಇದ್ದರೆ ಮಾಘದಲ್ಲಿ ಇರದು. ಪ್ರಾರ್ಥನೆಗೆ ಸಾಲು ನಿಲ್ಲಿಸಿದರೆ ಹತ್ತು ವರ್ಷದವನು ಏಳು ವರ್ಷದವನ ಭುಜಕ್ಕೆ ಬರುವನು. ಬೆಳಗಿನ ಪಾಠದಲ್ಲಿ ತಲೆ ತೂಗುವ ಹುಡುಗನನ್ನು ಸೋಮಾರಿಯೆಂದು ಕರೆಯುವುದು ಸುಲಭ. ಅವನು ಏನು ಉಂಡು ಬಂದನೆಂದು ಕೇಳಿದರೆ ಆ ಮಾತು ಬಾಯಿಗೆ ಬರದು. ೨೦೦೨-೦೩ರಿಂದ ಅಕ್ಷರ ದಾಸೋಹದ ಮಧ್ಯಾಹ್ನದ ಊಟವು ಬಂದ ಮೇಲೆ, ಮತ್ತು ೨೦೧೩ರಲ್ಲಿ ಕ್ಷೀರಭಾಗ್ಯದ ಹಾಲು ಸೇರಿದ ಮೇಲೆ, ಅಪರಾಹ್ಣದ ಪಾಠಗಳಲ್ಲಿ ಮಕ್ಕಳ ಕಣ್ಣುಗಳು ತೆರೆದಿರುವುದನ್ನು ನಾನು ನೋಡಿದೆನು. ವ್ಯಾಕರಣ ಹೇಳಿಕೊಡುವವನಿಗೆ ಇದಕ್ಕಿಂತ ದೊಡ್ಡ ಪ್ರಮಾಣವು ಬೇಕಾಗಿಲ್ಲ.

ಹೊರದೇಶಗಳಲ್ಲಿಯೂ ವಿಚಾರವಂತರು ಇದೇ ನಿರ್ಣಯಕ್ಕೆ ಬಂದಿರುವರು. ೧೮೪೮ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಚೋ ಎಂಬ ವೈದ್ಯನು ಸೈಲೀಸಿಯದ ಸನ್ನಿಜ್ವರವನ್ನು ಪರೀಕ್ಷಿಸಲು ಹೋಗಿ, ಅಲ್ಲಿಯ ಜನರಿಗೆ ಬೇಕಾದುದು ವಿದ್ಯೆ, ಸ್ವಾತಂತ್ರ್ಯ, ಸಮೃದ್ಧಿಗಳೆಂದು ವರದಿ ಕೊಟ್ಟನು. ೧೯೬೭ರಿಂದ ಲಂಡನ್ನಿನ ಸರ್ಕಾರಿ ನೌಕರರನ್ನು ಪರೀಕ್ಷಿಸಿದ ಸಂಶೋಧಕರು, ಹಸಿವೆಂಬುದೇ ಇಲ್ಲದ ಆ ಕಚೇರಿಗಳಲ್ಲಿಯೂ ಪದವಿಯ ಮೆಟ್ಟಿಲು ಇಳಿದಂತೆಲ್ಲ ಮರಣವು ಏರುವುದನ್ನು ಕಂಡರು. ಆ ವಿಷಯದಲ್ಲಿ ಪ್ರಸಿದ್ಧರಾದ ಮೈಕೇಲ್ ಮಾರ್ಮಟ್ ಅವರ ಅಧ್ಯಕ್ಷತೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನೇಮಿಸಿದ ಆಯೋಗವು ೨೦೦೮ರಲ್ಲಿ ವರದಿಯಿತ್ತು, ಜನರು ಹುಟ್ಟುವ, ಬೆಳೆಯುವ, ದುಡಿಯುವ, ಮುದುಕರಾಗುವ ಪರಿಸ್ಥಿತಿಗಳೇ ಆರೋಗ್ಯಭೇದಕ್ಕೆ ಕಾರಣವೆಂದು ಸಾರಿತು. ನಮ್ಮ ದೇಶದಲ್ಲಿ ೧೯೪೬ರ ಭೋರ್ ಸಮಿತಿಯು, ಹಣ ಕೊಡಲಾರನೆಂಬ ಕಾರಣದಿಂದ ಯಾರಿಗೂ ಚಿಕಿತ್ಸೆ ತಪ್ಪಕೂಡದೆಂಬ ತತ್ತ್ವವನ್ನು ಎತ್ತಿಹಿಡಿದಿತ್ತು.

ಇಲ್ಲಿ ಆಸ್ತಿಕರಾದ ಕೆಲವರು ‘ಇದೆಲ್ಲವೂ ಪ್ರಾರಬ್ಧವಲ್ಲವೆ? ಕರ್ಮವನ್ನು ಮೀರಿದವರು ಯಾರು?’ ಎಂದು ಕೇಳಬಹುದು. ಅವರಿಗೆ ನಾನು ಅದೇ ಜನಪದೋದ್ಧ್ವಂಸನೀಯ ಅಧ್ಯಾಯವನ್ನು ಮುಂದಕ್ಕೆ ಓದಿರೆಂದು ವಿನಯದಿಂದ ಹೇಳುವೆನು. ಆಯುಸ್ಸು ಎಲ್ಲರಿಗೂ ನಿಯತವಾದುದೋ ಅಲ್ಲವೋ ಎಂದು ಅಗ್ನಿವೇಶನು ಅಲ್ಲಿಯೇ ಕೇಳಿರುವನು. ಆಯುಸ್ಸು ದೈವ, ಪುರುಷಕಾರಗಳೆರಡನ್ನೂ ಅವಲಂಬಿಸಿರುವುದು. ದುರ್ಬಲವಾದ ದೈವವನ್ನು ಪ್ರಬಲವಾದ ಪುರುಷಕಾರವು ಗೆಲ್ಲುವುದು. ಎಲ್ಲವೂ ನಿಯತವೇ ಆಗಿದ್ದರೆ ಔಷಧವೂ ಶಾಂತಿಕರ್ಮಗಳೂ ವ್ಯರ್ಥವಾಗುತ್ತಿದ್ದುವು ಎಂದು ಆತ್ರೇಯನ ಸಿದ್ಧಾಂತ. ಅಷ್ಟೇ ಅಲ್ಲ, ವಾಯು ಉದಕಾದಿಗಳು ಕೆಡುವುದಕ್ಕೆ ಅಧರ್ಮವೇ ಮೂಲವೆಂದೂ, ದೇಶನಗರಗಳ ಮುಖ್ಯರು ಧರ್ಮವನ್ನು ಬಿಟ್ಟು ನಡೆದಾಗ ಅದು ಬೆಳೆಯುವುದೆಂದೂ ಅವನು ಹೇಳಿರುವನು. ಕರ್ಮಸಿದ್ಧಾಂತವು ದುಃಖಿತನು ತನ್ನ ದುಃಖವನ್ನು ಸಹಿಸುವುದಕ್ಕೆ ಇರುವುದು. ನೋಡುವವನು ತನ್ನ ಕರ್ತವ್ಯದಿಂದ ತಪ್ಪಿಸಿಕೊಳ್ಳುವುದಕ್ಕೆ ಅಲ್ಲ.

ಕರ್ತವ್ಯವಾದರೂ ಅಸಾಧ್ಯವಾದುದೇನಲ್ಲ. ೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕಡೆಗಳಲ್ಲಿ ಶಿಶುಪೋಷಣೆಯ ಯೋಜನೆಯು ಆರಂಭವಾದಾಗ ನಮ್ಮ ನಾಡಿನಲ್ಲಿ ತಿರುಮಕೂಡಲು ನರಸೀಪುರವು ಮೊದಲನೆಯದಾಯಿತು. ಈಗ ಅಂಗನವಾಡಿಯಿಲ್ಲದ ಹಳ್ಳಿಯು ವಿರಳ. ೨೦೧೭ರಿಂದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಬಿಸಿಯೂಟವನ್ನು ಕೊಡಲು ಏರ್ಪಾಡಾಯಿತು. ಆದರೆ ಬೆಳಗಿನಿಂದ ಸಂಜೆಯವರೆಗೆ ಕೂಲಿಗೆ ಹೋಗುವ ಬಸುರಿಯು ಮಧ್ಯಾಹ್ನ ಅಂಗನವಾಡಿಗೆ ಬಂದು ಉಣ್ಣುವುದು ಹೇಗೆ? ಅವಳಿಗೆ ಊಟದೊಡನೆ ಕೂಲಿ ತಪ್ಪದ ಬಿಡುವೂ ಬೇಕು. ಬಿಡಾರದ ಮಗುವಿಗೆ ಲಸಿಕೆಯೂ ಪಡಿತರವೂ ಬಿಡಾರವನ್ನು ಹಿಂಬಾಲಿಸಬೇಕು. ಗುತ್ತಿಗೆಯ ದುಡಿಮೆಗಾರನಿಗೆ ಕಾಯಮ್ಮಿನವನ ಆಸ್ಪತ್ರೆಯೇ ತೆರೆಯಬೇಕು. ಕಾಡಂಚಿನವನಿಗೆ ಸತ್ತ್ವವುಳ್ಳ ಲಸಿಕೆಯೂ ಸೌದೆಯಿಲ್ಲದ ಒಲೆಯೂ ದೊರೆಯಬೇಕು. ಇವನ್ನು ಧರ್ಮಕಾರ್ಯವೆಂದು ಕೆಲವರು ಕರೆಯಬಹುದು; ನಾನು ಋಣಪರಿಹಾರವೆಂದು ಕರೆಯುವೆನು.

ಶಾಸ್ತ್ರವು ನಮಗೆ ದೇವಋಣ, ಋಷಿಋಣ, ಪಿತೃಋಣಗಳನ್ನು ಹೇಳಿದೆ. ಹುಟ್ಟಾಳಿನ ದುಡಿಮೆಯಿಂದ ಬೆಳೆದ ತೋಟ, ಮುಳುಗಿದ ಊರಿನಿಂದ ಬಂದ ದೀಪ, ಕೂಲಿಯ ಉಸಿರಿನಿಂದ ಕರಗಿದ ಕಬ್ಬಿಣ, ಇವುಗಳ ಫಲವನ್ನು ಉಂಡ ನಮ್ಮ ಮೇಲೆ ನಾಲ್ಕನೆಯ ಋಣವೊಂದುಂಟು. ಅದನ್ನು ತೀರಿಸಲು ಸತ್ತವರ ಮನೆಗಳನ್ನು ಹುಡುಕಬೇಕಾಗಿಲ್ಲ. ಇನ್ನೂ ಹುಟ್ಟದಿರುವ ಮಕ್ಕಳ ತಾಯಂದಿರು ನಮ್ಮ ಕೇರಿಗಳಲ್ಲಿಯೇ ಇರುವರು.